ಬ್ಯಾಂಕಿನಿಂದ ಹಿಂದಕ್ಕೆ ನಡೆಸಿದ ಅರ್ಜಿ

ಅಂಗವಿಕಲರ ಮಾಸಾಶನ ಅಂದರೆ ಎಲ್ಲರೂ ಆಸ್ಪತ್ರೆಯಿಂದ ಶುರು ಮಾಡುತ್ತಾರೆ. ಮೊದಲು ಯುಡಿಐಡಿ ಕಾರ್ಡು (ವೈಕಲ್ಯದ ಶೇಕಡ ನಮೂದಾಗುವ ಗುರುತಿನ ಚೀಟಿ), ಆಮೇಲೆ ಆದಾಯ ಪತ್ರ, ನಾಡಕಚೇರಿ, ಕೊನೆಗೆ ಬ್ಯಾಂಕು. ನಾನು ಇದನ್ನು ತಿರುವಿಹಾಕಿ ಬ್ಯಾಂಕಿನಿಂದ ಶುರು ಮಾಡಿದಾಗ ತಾಲ್ಲೂಕಿನಲ್ಲಿ ನನ್ನಂತೆ ಅರ್ಜಿ ಹಾಕಿಸುವ ಉಳಿದ ಕಾರ್ಯಕರ್ತರು ನಕ್ಕರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರು. ಹೀಗೆ ಹಾಕಿಸಿದ ಅರ್ಜಿ ಇಲ್ಲಿಯವರೆಗೆ ಮೂವತ್ತೈದೋ ಮೂವತ್ತಾರೋ. ಹಣ ಬಾರದೆ ನಿಂತದ್ದು ಎರಡು. ಹಳೇ ಕ್ರಮದ ಇಪ್ಪತ್ತರಲ್ಲಿ ಎಂಟು ನಿಂತಿದ್ದವು. ಈಗ ನಕ್ಕವರೇ ಫೋನ್ ಮಾಡುತ್ತಾರೆ.

ಆ ಎಂಟರಲ್ಲಿ ಐದಕ್ಕೆ ಮಂಜೂರಾತಿ ಆದೇಶ ಬಂದಿತ್ತು, ಹಣ ಮಾತ್ರ ಬರಲಿಲ್ಲ. ಆಧಾರ್ ಯಾವ ಖಾತೆಗೆ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ ಎನ್‌ಪಿಸಿಐನಲ್ಲಿ ಮ್ಯಾಪ್ ಆಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ, ನೀವು ಪಾಸ್‌ಬುಕ್ ಜೆರಾಕ್ಸ್ ಯಾವುದೇ ಕೊಡಿ. ಕೌಂಟರಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಅಂದರೆ ನಂಬಬೇಡಿ. ಲಿಂಕ್ ಬೇರೆ, ಮ್ಯಾಪಿಂಗ್ ಬೇರೆ. ಸಿಮ್ ಮಾರುವವನು ಹೆಬ್ಬೆಟ್ಟು ಒತ್ತಿಸಿಕೊಂಡು ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನೂ ತೆರೆದು ಹೋಗಿರುತ್ತಾನೆ. ಮ್ಯಾಪಿಂಗ್ ಅಲ್ಲಿಗೆ ಜಾರಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಓಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ (ಅಂದರೆ ಈ ಮ್ಯಾಪಿಂಗ್) ಸ್ಥಿತಿ ನೋಡಿ, ಆ ಪುಟವನ್ನು ಪ್ರಿಂಟ್ ಮಾಡಿ ಕಡತದ ಮೊದಲ ಹಾಳೆಯಾಗಿ ಇಡುತ್ತೇನೆ. ಎರಡು ವರ್ಷ ವ್ಯವಹಾರವಿಲ್ಲದ ಖಾತೆಯಾದರೆ ಕೆವೈಸಿ ಕೊಟ್ಟು, ನೂರು ರೂಪಾಯಿ ಕಟ್ಟಿ, ತೆಗೆದು, ಜೀವ ಬರಿಸಬೇಕು.

ಆಮೇಲೆ ಹೆಸರು. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಡಿತರ ಚೀಟಿಯಲ್ಲಿ ಲಕ್ಷ್ಮೀದೇವಮ್ಮ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಹಿಂದೆಮುಂದೆ. ನಾನು ಆಧಾರನ್ನೇ ಬುಡವಾಗಿಟ್ಟು ಉಳಿದವನ್ನು ಅದಕ್ಕೆ ಹೊಂದಿಸುತ್ತೇನೆ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಆತುರದಲ್ಲಿ ಒಂದು ಸಲ ತಪ್ಪು ತಿದ್ದಿಸಿ ಪಟ್ಟ ಪಾಡು ಸಾಕು. ಬೆರಳಿಲ್ಲದವರು, ಬೆರಳು ಮಡಿಚಿಕೊಂಡವರು ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ವಿನಾಯಿತಿ ಕೇಳಬೇಕು. ಆಪರೇಟರ್ ‘ಆಗಲ್ಲ’ ಅಂದರೂ ಆಗುತ್ತದೆ.

ಇಷ್ಟು ಆದ ಮೇಲೆ ಯುಡಿಐಡಿ. ಫೋಟೋ 15ರಿಂದ 30 ಕೆಬಿ, ಸಹಿ 30 ಕೆಬಿ ಒಳಗೆ, ದಾಖಲೆ 100 ಕೆಬಿ ಒಳಗೆ, ನಾನು ಹಾಕುವಾಗ ಹಾಗಿತ್ತು. ಹೆಚ್ಚಿನವರು ಎಡವುವುದು ಅಲ್ಲಲ್ಲ, ವೈಕಲ್ಯದ ವಿಧ ಆರಿಸುವ ಕಡೆ. ಕಣ್ಣಿಗೆ ಕಾಣುವ ಒಂದಕ್ಕೆ ಟಿಕ್ ಹಾಕಿ ಕಳಿಸುತ್ತಾರೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಬರುವುದು ಶೇ. 30. ನಲವತ್ತಿಲ್ಲ, ಮಾಸಾಶನವಿಲ್ಲ. ಆದರೆ ಅದೇ ಮನುಷ್ಯನ ಕೈಗೆ ಹಳೆಯ ಪೆಟ್ಟಿನಿಂದ ಶೇ. 15 ಕೂತರೆ? ಕೂಡಿದರೆ 45 ಅಂದುಕೊಳ್ಳಬೇಡಿ. ದೊಡ್ಡದು ‘ಎ’, ಚಿಕ್ಕದು ‘ಬಿ’ ಆದರೆ ಲೆಕ್ಕ ಹೀಗೆ: 90ರಲ್ಲಿ ಎ ಕಳೆದು, ಅದನ್ನು ಬಿಯಿಂದ ಗುಣಿಸಿ, 90ರಿಂದ ಭಾಗಿಸಿ, ಎಗೆ ಸೇರಿಸಿ. 30ಕ್ಕೆ 15 ಸೇರಿದರೆ ಸರಿಯಾಗಿ 40. ಕೈಯದು 14 ಆದರೆ 39.3. ಕಾಲು 34, ಕಿವಿ 18 ಇದ್ದರೆ 45ರ ಮೇಲೆ. ಈ ಲೆಕ್ಕವನ್ನು ಮನೆಯಲ್ಲೇ ಹಾಕಿ ನೋಡುತ್ತೇನೆ. ಹತ್ತಿರ ಬಂದರೆ ಅರ್ಜಿಯಲ್ಲಿ ಎರಡೂ ವಿಧ ಹಾಕಿ, ಇಬ್ಬರೂ ತಜ್ಞರು ಇರುವ ದಿನ ನೋಡಿ ಕರೆದುಕೊಂಡು ಹೋಗುತ್ತೇನೆ. 25 ದಾಟದಿದ್ದರೆ ಸುಮ್ಮನೆ ಅಲೆಸುವುದಿಲ್ಲ, ಹಾಗೆಂದು ಮುಖಕ್ಕೇ ಹೇಳುತ್ತೇನೆ.

ಕಿವಿಯ ಲೆಕ್ಕ ಇನ್ನೂ ಮೋಸ. ಚೆನ್ನಾಗಿ ಕೇಳುವ ಕಿವಿಯ ಶೇಕಡವನ್ನು ಐದರಿಂದ ಗುಣಿಸಿ, ಕೆಟ್ಟ ಕಿವಿಯದನ್ನು ಸೇರಿಸಿ, ಆರರಿಂದ ಭಾಗಿಸುತ್ತಾರೆ. ಒಂದು ಕಿವಿ ಪೂರ್ತಿ ಸತ್ತು ಇನ್ನೊಂದು ಸರಿಯಿದ್ದರೆ 17ರ ಹತ್ತಿರ, ಅಷ್ಟೇ. ನೆಗಡಿ, ಕಿವಿಸೋರಿಕೆ ಇದ್ದಾಗ ಆಡಿಯೋಗ್ರಾಂ (ಕಿವಿ ಕೇಳುವ ಪರೀಕ್ಷೆ) ಮಾಡಿಸಬೇಡಿ. ಔಷಧಿ ಮುಗಿಸಿ ಬನ್ನಿ ಅಂತ ವಾಪಸ್ ಕಳಿಸುತ್ತಾರೆ, ಒಂದು ದಿನದ ಕೂಲಿ ಹೋಗುತ್ತದೆ.

ಬುದ್ಧಿ ಬೆಳವಣಿಗೆ ಕಡಿಮೆಯಿರುವ ಮಕ್ಕಳದ್ದು ಬೇರೆಯೇ ಕಥೆ. ಸಾಮಾಜಿಕ ಪ್ರೌಢಿಮೆಯ ಅಂಕ 55ರಿಂದ 69 ಬಂದರೆ ಶೇ. 50, 36ರಿಂದ 54 ಬಂದರೆ ಶೇ. 75. ಅಂಕಕ್ಕೆ ಆಧಾರ ತಾಯಿ ಕೊಡುವ ಉತ್ತರ. ಡಾಕ್ಟರ ಮುಂದೆ ಮಗನನ್ನು ಬಿಟ್ಟುಕೊಡುವ ತಾಯಿ ಎಲ್ಲಿದ್ದಾಳೆ? ‘ಎಲ್ಲಾ ಅವನೇ ಮಾಡ್ಕೋತಾನೆ ಸಾರ್, ಸ್ನಾನ, ಊಟ, ಬಟ್ಟೆ’ ಅನ್ನುತ್ತಾಳೆ. ನೀರು ಹದ ಮಾಡಿ ಕೊಡುವುದು, ಗುಂಡಿ ಹಾಕುವುದು, ಅಂಗಡಿಗೆ ಹೋದರೆ ಚಿಲ್ಲರೆ ಎಣಿಸುವುದು ತಾನೇ ಅನ್ನುವುದನ್ನು ಮರೆಯುತ್ತಾಳೆ. ಸುಳ್ಳು ಹೇಳಿಸಬಾರದು, ಸಿಕ್ಕಿಬಿದ್ದರೆ ಕಾರ್ಯಕರ್ತನ ಮಾತಿಗೆ ಆ ಆಸ್ಪತ್ರೆಯಲ್ಲಿ ಮತ್ತೆ ಬೆಲೆಯಿಲ್ಲ. ನಾನು ಮಾಡುವುದು ಇಷ್ಟೇ: ಒಂದು ವಾರ ಮೊದಲು ಮನೆಗೆ ಹೋಗಿ, ಬೆಳಗಿನಿಂದ ರಾತ್ರಿಯವರೆಗೆ ಹುಡುಗನಿಗೆ ಯಾರು ಏನೇನು ಮಾಡಿಕೊಡುತ್ತಾರೆ ಎಂದು ಹಾಳೆಯಲ್ಲಿ ಬರೆಸುತ್ತೇನೆ. ಆ ಹಾಳೆ ತಾಯಿಯ ಕೈಯಲ್ಲಿರುತ್ತದೆ.

ಈ 75ರ ಗೆರೆಗೆ ಯಾಕಿಷ್ಟು ಬಡಿದಾಡುವುದೆಂದರೆ 40ರಿಂದ 74ಕ್ಕೆ ತಿಂಗಳಿಗೆ 800, 75 ಮುಟ್ಟಿದರೆ ಕಡಿಮೆಯೆಂದರೂ 1,400. ವರ್ಷಕ್ಕೆ ಕನಿಷ್ಠ 7,200 ವ್ಯತ್ಯಾಸ. ಶೇಕಡ ಕಡಿಮೆ ಹಾಕಿದ್ದಾರೆ ಅನ್ನಿಸಿದರೆ ಮೇಲ್ಮನವಿಗೆ 90 ದಿನ ಇದೆ. ನಾನು ಹಾಕಿಸಿದ್ದು ಮೂರು, ಗೆದ್ದದ್ದು ಒಂದು. ಅದೂ ಹೊಸ ಎಕ್ಸ್‌ರೇ ಇದ್ದದ್ದಕ್ಕೆ.

ಆದಾಯ ಪತ್ರವನ್ನು ಕೊನೆಗೆ ಮಾಡಿಸಿ, ಆದರೆ ಮೊದಲೇ ಹುಡುಕಿ. ಆದಾಯ ಪತ್ರ ಐದು ವರ್ಷ ಊರ್ಜಿತ. ಮಗಳ ವಿದ್ಯಾರ್ಥಿವೇತನಕ್ಕೆ ಯಾವಾಗಲೋ 60,000 ಎಂದು ಬರೆಸಿರುತ್ತಾರೆ, ಮಾಸಾಶನದ ಮಿತಿ 32,000. ಆ ಹಳೇ ಪತ್ರದ ಆರ್‌ಡಿ ನಂಬರು ಕಂಪ್ಯೂಟರಿನಲ್ಲಿ ತಲೆಯೆತ್ತಿದರೆ ಅರ್ಜಿ ಅಲ್ಲೇ ವಜಾ. ಹಳೇ ಕ್ರಮದ ಆ ಎಂಟರಲ್ಲಿ ಉಳಿದ ಮೂರು ಅರ್ಜಿ ಹೀಗೇ ಬಿದ್ದವು. ಆದಾಯ ನಿಜಕ್ಕೂ ಇಳಿದಿದ್ದರೆ ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಕಾರಣ ತೋರಿಸಿ ಹಳೆಯದನ್ನು ರದ್ದು ಮಾಡಿಸಿ ಹೊಸದು ಪಡೆಯಬೇಕು. ಸ್ಥಳ ಪರಿಶೀಲನೆಗೆ ಅವರು ಬರುವ ದಿನ ಆ ವ್ಯಕ್ತಿ ಮನೆಯಲ್ಲಿರಲಿ. ‘ಅರ್ಜಿದಾರರು ಸಿಗಲಿಲ್ಲ’ ಅಂತ ಒಂದು ಸಾಲು ಬಿದ್ದರೆ ಎರಡು ತಿಂಗಳು ಹೋಯಿತು.

ಖರ್ಚು ಕೇಳುವವರಿಗೆ: ಜೆರಾಕ್ಸ್, ಫೋಟೋ, ನಾಡಕಚೇರಿ ಶುಲ್ಕ ಸೇರಿ ಇನ್ನೂರೈವತ್ತು ದಾಟುವುದಿಲ್ಲ. ಮಧ್ಯವರ್ತಿಗಳು ನಮ್ಮ ಕಡೆ ಮೂರರಿಂದ ಐದು ಸಾವಿರ ಕೀಳುತ್ತಾರೆ. ನಿಜವಾದ ಖರ್ಚು ಓಡಾಟ. ಜಿಲ್ಲಾ ಆಸ್ಪತ್ರೆಗೆ ಒಬ್ಬೊಬ್ಬರೇ ಮೂರು ಸಲ ಹೋದರೆ ಜೊತೆಗಾರನ ಕೂಲಿ ಸೇರಿ ಎರಡು ಸಾವಿರ. ಒಮ್ಮೆ ಹನ್ನೊಂದು ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋದೆ. ಬಾಡಿಗೆ ಹಂಚಿದರೆ ತಲೆಗೆ ಇನ್ನೂರು ಚಿಲ್ಲರೆ. ಆದರೆ ನಾಲ್ವರ ಸರತಿ ಬರುವಷ್ಟರಲ್ಲಿ ವೈಕಲ್ಯ ಅಳೆಯುವ ಡಾಕ್ಟರುಗಳ ಬೋರ್ಡು ಎದ್ದಿತು. ಆರು ಜನ ಸರಿಯಾದ ಸಂಖ್ಯೆ. ಆ ಆರೂ ಜನರನ್ನು ಮಧ್ಯಾಹ್ನದೊಳಗೆ ಮುಗಿಸುವ ಉಪಾಯ ಒಂದಿದೆ, ಇಲ್ಲಿ ಬರೆದರೆ ನಾಳೆಯಿಂದ ನಡೆಯುವುದಿಲ್ಲ.

65 ದಾಟಿ ಶೇ. 40ರಿಂದ 74 ಇರುವವರಿಗೆ ಅಂಗವಿಕಲರ ಮಾಸಾಶನ ಹಾಕಿಸಿ ಜಂಬ ಕೊಚ್ಚಬೇಡಿ. ವೃದ್ಧರ ಮಾಸಾಶನವಾದ ಸಂಧ್ಯಾ ಸುರಕ್ಷದಲ್ಲಿ 1,200 ಇದೆ, ಇಲ್ಲಿ 800. ಎರಡೂ ಒಟ್ಟಿಗೆ ಸಿಗದು. ವಿಧವಾ ವೇತನ 800 ಪಡೆಯುವ ಹೆಣ್ಣುಮಗಳಿಗೆ ಶೇ. 75 ಅಥವಾ ಮೇಲಿದ್ದರೆ ಅದನ್ನು ಬಿಟ್ಟು ಇದಕ್ಕೆ ಬರುವುದು ಲಾಭ, ಆದರೆ ಹಳೆಯದರ ರದ್ದತಿ ಆದೇಶ ಕೈಗೆ ಬಂದ ಮೇಲೆ ಹೊಸ ಅರ್ಜಿ. ಯುಡಿಐಡಿ ಇದ್ದವರಿಗೆ ಬಸ್ ಪಾಸೂ ಆಗುತ್ತದೆ: ವರ್ಷಕ್ಕೆ 660, ಮನೆಯಿಂದ 100 ಕಿ.ಮೀ. ಒಳಗೆ, ಸೇವಾಸಿಂಧುವಿನಲ್ಲಿ.

ತಾತ್ಕಾಲಿಕ ಪ್ರಮಾಣಪತ್ರದವರ ಪಟ್ಟಿ ಬೇರೆ ನೋಟ್‌ಬುಕ್ಕಿನಲ್ಲಿಟ್ಟಿದ್ದೇನೆ. ಅವಧಿ ಮುಗಿಯುವ ನಾಲ್ಕು ತಿಂಗಳು ಮುಂಚೆ ನವೀಕರಣಕ್ಕೆ ಹಾಕಬೇಕು. ಮೊದಲು ಹೇಳಿದ ಆ ಎರಡು ನಿಂತದ್ದು ಇಲ್ಲೇ; ನೋಟ್‌ಬುಕ್ ಶುರು ಮಾಡಿದ್ದು ಆಮೇಲೆ.