ಬೈಸನ್ ಮಾಂಸ: ದುಡ್ಡು ಕೊಡುವ ಮುನ್ನ ಪ್ಯಾಕೆಟ್ ತಿರುಗಿಸಿ ನೋಡಿ

ಅಮೆರಿಕ, ಕೆನಡಾದಲ್ಲಿರುವ ನಮ್ಮವರಲ್ಲಿ ಗೋಮಾಂಸ ಮುಟ್ಟದ ಎಷ್ಟೋ ಮಂದಿ ಬೈಸನ್, ಅಂದರೆ ಉತ್ತರ ಅಮೆರಿಕದ ಕಾಡುಕೋಣದಂಥ ಪ್ರಾಣಿಯ ಮಾಂಸ, ತಿನ್ನುತ್ತಾರೆ. ಅಂಥವರೇ ಅಂಗಡಿಯಲ್ಲಿ ಆ ಪ್ರಾಣಿಯ ಚಿತ್ರ ಕಂಡ ಕೂಡಲೇ ಪ್ಯಾಕೆಟ್ ಎತ್ತಿ ಬುಟ್ಟಿಗೆ ಹಾಕಿಕೊಳ್ಳುವುದನ್ನು ನೋಡಿ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಬೈಸನ್ ದುಬಾರಿ ಮಾಂಸ. ಅಮೆರಿಕದಲ್ಲಿ ಇಡೀ ವರ್ಷ ಕಸಾಯಿಖಾನೆಗೆ ಹೋಗುವ ಬೈಸನ್‌ಗಳ ಲೆಕ್ಕ, ಒಂದೇ ಕೆಲಸದ ದಿನ ಹೋಗುವ ದನಗಳ ಲೆಕ್ಕವನ್ನೂ ಮುಟ್ಟುವುದಿಲ್ಲ. ಕೆನಡಾದ ಆಲ್ಬರ್ಟಾ, ಸಸ್ಕಾಚೆವಾನ್ ಕಡೆಯಿಂದ ಜೀವಂತ ಪ್ರಾಣಿಗಳೂ ಮಾಂಸವೂ ಗಡಿ ದಾಟಿ ಬರುತ್ತವೆ. ಅದೇ ಕೆನಡಾದ ಮಾಂಸಕ್ಕೆ ಯುರೋಪಿನಲ್ಲೂ ಗಿರಾಕಿಗಳಿದ್ದಾರೆ. ಸರಕು ಕಡಿಮೆ, ಬೆಲೆ ಜಾಸ್ತಿ ಇರುವ ಕಡೆ ಬೆರಕೆ ನುಸುಳುತ್ತದೆ.

1. ಹೆಸರು ನೋಡಿ. ‘ಬೈಸನ್’ ಎಂದೇ ಇರಬೇಕು. ಅಲ್ಲಿ ಬೈಸನ್‌ಗೂ ಬಫಲೋ ಎನ್ನುವುದುಂಟು, ಹಾಗಾಗಿ ಬರೀ ‘ಬಫಲೋ’ ಎಂದಿದ್ದರೆ ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ. ಅಲ್ಲಿ ‘ವಾಟರ್ ಬಫಲೋ’ ಎಂದಿದ್ದರೆ ಅದು ನಮ್ಮ ಕೊಟ್ಟಿಗೆಯ ಎಮ್ಮೆಯ ಜಾತಿ. ಕೆಟ್ಟ ಮಾಂಸವೇನಲ್ಲ, ಆದರೆ ಅದಕ್ಕೆ ಬೈಸನ್ ಬೆಲೆ ತೆರಬೇಕಾಗಿಲ್ಲ. ಈ ಗೊಂದಲ ನಿಲ್ಲಿಸಿ ಎಂದು ಅಲ್ಲಿನ ಸಾಕಣೆದಾರರ ನ್ಯಾಷನಲ್ ಬೈಸನ್ ಅಸೋಸಿಯೇಷನ್ ಬಹುಕಾಲದಿಂದ ಒತ್ತಾಯಿಸುತ್ತಿದೆ.

ಜರ್ಕಿ (ಒಣಗಿಸಿದ ಮಾಂಸ), ಮಾಂಸದ ಕಡ್ಡಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಮುಂಬದಿಯಲ್ಲಿ ದೊಡ್ಡದಾಗಿ ಬೈಸನ್ ಚಿತ್ರ. ಹಿಂದೆ ಸಣ್ಣಕ್ಷರದ ಪಟ್ಟಿಯಲ್ಲಿ ‘ಬೀಫ್’, ಕೆಲವದರಲ್ಲಿ ‘ಪೋರ್ಕ್’. ನಂಬಿಕೆಯಿಂದ ಒಂದನ್ನು ಬಿಟ್ಟವರಿಗೆ ಇದು ಸಣ್ಣ ಮೋಸವಲ್ಲ. ಪಟ್ಟಿ ಪೂರ್ತಿ ಓದದೆ ಇವನ್ನು ಕೊಳ್ಳಲೇಬೇಡಿ.

2. ಮುದ್ರೆ ನೋಡಿ. ಅಮೆರಿಕದಲ್ಲಿ ದನದ ಮಾಂಸಕ್ಕೆ ಕೇಂದ್ರದ ತಪಾಸಣೆ ಕಡ್ಡಾಯ, ಅದರ ಮುದ್ರೆ ದುಂಡಗಿರುತ್ತದೆ. ಬೈಸನ್‌ಗೆ ಆ ತಪಾಸಣೆ ಐಚ್ಛಿಕ. ಕಂಪನಿಯೇ ಶುಲ್ಕ ಕಟ್ಟಿ ಮಾಡಿಸಿಕೊಳ್ಳಬೇಕು, ಆಗ ಸಿಗುವುದು ತ್ರಿಕೋನ ಮುದ್ರೆ. ನಾನು ತ್ರಿಕೋನವನ್ನೇ ಹುಡುಕುತ್ತೇನೆ, ನೀವೂ ಹುಡುಕಿ. ದುಂಡು ಮುದ್ರೆ ಕಂಡರೆ ಬೇರೆ ಮಾಂಸ ಬೆರೆತಿದೆಯೇ ಎಂದು ಪಟ್ಟಿಯನ್ನು ಮತ್ತೊಮ್ಮೆ ಓದಿ.

3. ಮೂಲ ನೋಡಿ. ಹೊರದೇಶದ ಮಾಂಸವನ್ನು ಅಮೆರಿಕದಲ್ಲಿ ಮತ್ತೆ ಪ್ಯಾಕ್ ಮಾಡಿ ‘ಪ್ರಾಡಕ್ಟ್ ಆಫ್ ಯುಎಸ್‌ಎ’ ಎಂದು ಮಾರಲು ಮೊದಲು ಅವಕಾಶವಿತ್ತು. 2026ರ ಜನವರಿ 1ರಿಂದ ಅಲ್ಲೇ ಹುಟ್ಟಿ, ಬೆಳೆದು, ಅಲ್ಲೇ ಕಡಿದು ಸಂಸ್ಕರಿಸಿದ್ದಕ್ಕೆ ಮಾತ್ರ ಆ ಬರಹ ಹಾಕಬಹುದು. ಕೆನಡಾದ್ದು ಎಂದಿದ್ದರೆ ಹಿಂಜರಿಯಬೇಡಿ, ಅದೂ ಒಳ್ಳೆಯ ಮಾಲು.

4. ಹೆಪ್ಪುಗಟ್ಟಿದ ಮಾಂಸವನ್ನು ಫ್ರಿಜ್‌ನಲ್ಲಿಟ್ಟು ನಿಧಾನವಾಗಿ ಕರಗಿಸಿ.

5. ಉರಿ ಸಣ್ಣದಿರಲಿ. ಬೈಸನ್‌ನಲ್ಲಿ ಎಳೆಗಳ ನಡುವೆ ಕೊಬ್ಬು ತೀರಾ ಕಡಿಮೆ, ಜೋರು ಉರಿಗೆ ಬೇಗ ಒಣಗಿ ಗಟ್ಟಿಯಾಗುತ್ತದೆ. ಬಣ್ಣವೇ ಗಾಢ ಕೆಂಪು, ಹಾಗಾಗಿ ಬೆಂದದ್ದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು, ಥರ್ಮಾಮೀಟರ್ ಚುಚ್ಚಿ. ಇಡೀ ತುಂಡಿಗೆ 63 ಡಿಗ್ರಿ ಸೆಲ್ಸಿಯಸ್, ಆಮೇಲೆ 3 ನಿಮಿಷ ಹಾಗೇ ಬಿಡಬೇಕು. ಕೈಮಾಕ್ಕೆ 71 ಡಿಗ್ರಿ. ಸ್ಟೇಕ್ ತುಂಡನ್ನು ಕುಕ್ಕರಿಗೆ ಹಾಕಿ ವಿಷಲ್ ಕೂಗಿಸಬೇಡಿ. ಸಾರು, ಪಲ್ಯ ಬೇಕೆಂದರೆ ಭುಜದ ಭಾಗ ತನ್ನಿ. ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಇಳಿಸುವ ಮೊದಲು ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬಿಡಿ. ಮಸಾಲೆ ಸವರಿದ ರೆಡಿಮೇಡ್ ಮಾಲು ಬೇಡವೇ ಬೇಡ, ಮಸಾಲೆಯಡಿ ಮಾಂಸ ಹೇಗಿದೆಯೆಂದು ಕಾಣುವುದಿಲ್ಲ.

6. ಉಳಿದ ಜರ್ಕಿಯನ್ನು ಸೂಟ್‌ಕೇಸಿಗೆ ತುಂಬಿ ಊರಿಗೆ ತರಬೇಡಿ. ಭಾರತಕ್ಕೆ ಮಾಂಸದ ಉತ್ಪನ್ನ ತರಲು ಪಶುಸಂಗೋಪನಾ ಇಲಾಖೆಯ ಪರವಾನಗಿ ಬೇಕು, ಕಸ್ಟಮ್ಸ್ ಘೋಷಣೆಯಲ್ಲೂ ಮಾಂಸ ತಂದಿದ್ದೀರಾ ಎಂದು ಕೇಳುತ್ತಾರೆ. ನಮ್ಮ ಕಾಡಿನ ಕಾಟಿಯನ್ನೂ (ಕಾಡುಕೋಣ) ಬೈಸನ್ ಎಂದು ಕರೆಯುವವರಿದ್ದಾರೆ. ಅದು 1972ರ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರ ಪ್ರಾಣಿ. ಅದರ ಮಾಂಸ ಯಾರಾದರೂ ಕೊಡುತ್ತೇನೆಂದರೆ ಅರಣ್ಯ ಇಲಾಖೆಗೆ ತಿಳಿಸಿ.