ಹವ್ಯಾಸಿ ಗಾಯನವೃಂದದ ಕಾರ್ಯಕ್ರಮ ಸರಣಿಯನ್ನು ರೂಪಿಸುವ ಕ್ರಮ

ನಾಲ್ಕು ಧ್ವನಿಗಳಲ್ಲಿ ಹಾಡುವ ಹವ್ಯಾಸಿ ವೃಂದವೊಂದು ವರ್ಷಕ್ಕೆ ಮೂರು ಕಾರ್ಯಕ್ರಮ ಕೊಡಲು ನಿಶ್ಚಯಿಸಿದಾಗ ಮೊದಲ ಸಭೆಯಲ್ಲೇ ಯಾವ ಕೃತಿಗಳನ್ನು ಹಾಡಬೇಕೆಂಬ ಚರ್ಚೆ ಶುರುವಾಗುತ್ತದೆ. ಆದರೆ ಕೃತಿಗಳ ಮಾತಿಗೆ ಮೊದಲು ತಾಲೀಮಿನ ಲೆಕ್ಕವಾಗಬೇಕು. ವಾರಕ್ಕೊಮ್ಮೆ ಎರಡು ಗಂಟೆ ಸೇರುವ ವೃಂದಕ್ಕೆ 12 ವಾರಗಳಲ್ಲಿ 24 ಗಂಟೆ ಸಿಗುವಂತೆ ಕಾಣುತ್ತದೆ. ಕಂಠ ಹದಗೊಳಿಸುವುದಕ್ಕೆ 15 ನಿಮಿಷ, ಬಿಡುವಿಗೆ 10 ನಿಮಿಷ, ಸೂಚನೆಗಳಿಗೆ 5 ನಿಮಿಷ ಕಳೆದರೆ ವಾರಕ್ಕೆ ಉಳಿಯುವುದು ಒಂದೂವರೆ ಗಂಟೆ, ಒಟ್ಟಿನಲ್ಲಿ 18 ಗಂಟೆ. ಕೊನೆಯ ಎರಡು ವಾರ ಇಡೀ ಕಾರ್ಯಕ್ರಮವನ್ನು ಆದ್ಯಂತ ಹಾಡುವುದಕ್ಕೇ ಬೇಕಾಗುವುದರಿಂದ ಕಲಿಕೆಗೆ ದಕ್ಕುವುದು 15 ಗಂಟೆ ಮಾತ್ರ. ಒಂದು ಗಂಟೆಯ ಕಾರ್ಯಕ್ರಮವಾದರೆ ಪ್ರತಿ ನಿಮಿಷದ ಸಂಗೀತಕ್ಕೆ 15 ನಿಮಿಷದ ಅಭ್ಯಾಸ ಸಿಕ್ಕಿತು, ಅದೂ ಎಲ್ಲರೂ ಎಲ್ಲ ವಾರ ಬಂದರೆ. ಈ ಲೆಕ್ಕವನ್ನು ಸಭೆಯಲ್ಲಿ ಎಲ್ಲರ ಮುಂದಿಟ್ಟರೆ ಅತಿಯಾಸೆಯ ಪಟ್ಟಿಗಳು ತಾವಾಗಿಯೇ ಚಿಕ್ಕದಾಗುತ್ತವೆ.

ಕಾರ್ಯಕ್ರಮದ ದಿನಾಂಕವನ್ನೂ ಸಭಾಂಗಣವನ್ನೂ ಒಟ್ಟಿಗೇ ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಸಭಾಂಗಣವನ್ನು ನೋಡಲು ಹೋದಾಗ ಆಸನಗಳ ಸಂಖ್ಯೆಯನ್ನಷ್ಟೇ ಕೇಳಿ ಬರಬಾರದು. ವೇದಿಕೆಯಲ್ಲಿ ನಿಂತು ಚಪ್ಪಾಳೆ ತಟ್ಟಿ, ನಾಲ್ಕು ಜನರಿಂದ ಒಂದು ಸಾಲು ಹಾಡಿಸಿ, ದನಿ ಎಷ್ಟು ಹೊತ್ತು ಉಳಿಯುತ್ತದೆಂದು ಗಮನಿಸಬೇಕು. ಕಲ್ಲುಗೋಡೆಯ ಎತ್ತರದ ಕಟ್ಟಡದಲ್ಲಿ ಅನುರಣನ ದೀರ್ಘವಾಗಿರುವುದರಿಂದ ವೇಗದ ಭಾಗಗಳು ಒಂದರಮೇಲೊಂದು ಬಿದ್ದು ಕಲಸಿಹೋಗುತ್ತವೆ, ನಿಧಾನಗತಿಯ ರಚನೆಗಳು ಮಾತ್ರ ತುಂಬಿಕೊಂಡು ಕೇಳಿಸುತ್ತವೆ. ದಪ್ಪ ಪರದೆ, ರತ್ನಗಂಬಳಿಗಳಿರುವ ಸಭಾಂಗಣದಲ್ಲಿ ಇದು ತಿರುಗುಮುರುಗಾಗುತ್ತದೆ. ಶ್ರೋತೃಗಳ ಮೈ ಮತ್ತು ಬಟ್ಟೆಗಳು ದನಿಯನ್ನು ಹೀರಿಕೊಳ್ಳುವುದರಿಂದ ಖಾಲಿ ಸಭಾಂಗಣದ ತಾಲೀಮಿನಲ್ಲಿ ಕೇಳಿಸಿದ ಗುಂಗು ತುಂಬಿದ ಸಭೆಯಲ್ಲಿ ಇರುವುದಿಲ್ಲವೆಂಬುದನ್ನೂ ಗಾಯಕರಿಗೆ ಮೊದಲೇ ತಿಳಿಸಿರಬೇಕು.

ಕೃತಿಗಳನ್ನು ಆರಿಸುವಾಗ ಇರುವ ಕಂಠಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಹವ್ಯಾಸಿ ವೃಂದಗಳಲ್ಲಿ ಹೆಂಗಸರ ಎತ್ತರದ ಕಂಠವಾದ ಸೊಪ್ರಾನೋ ಮತ್ತು ತಗ್ಗಿನ ಕಂಠವಾದ ಆಲ್ಟೊ ಸಾಲುಗಳು ತುಂಬಿರುತ್ತವೆ, ಗಂಡಸರ ಎತ್ತರದ ಕಂಠವಾದ ಟೆನರ್ ಸಾಲಿನಲ್ಲಿ ಮೂರೋ ನಾಲ್ಕೋ ಜನ ಇರುತ್ತಾರೆ. (ಹೊಸಬ ಗಂಡಸೊಬ್ಬ ಬಾಗಿಲಲ್ಲಿ ಕಾಣಿಸಿಕೊಂಡರೆ ಅವನ ಕಂಠ ಪರೀಕ್ಷಿಸುವ ಮೊದಲೇ ಟೆನರ್ ಸಾಲು ಸರಿದು ಜಾಗ ಬಿಡುತ್ತದೆ.) ಹೀಗಿರುವಾಗ ಟೆನರ್ ಎರಡು ಪಾಲಾಗುವ ರಚನೆಯನ್ನು ಹಿಡಿದು ಹೆಣಗುವುದಕ್ಕಿಂತ, ಗಂಡಸರೆಲ್ಲರೂ ಒಂದೇ ಸಾಲು ಹಾಡುವ ಮೂರು ಧ್ವನಿಗಳ ರಚನೆಗಳನ್ನು ಆರಿಸಿಕೊಳ್ಳುವುದು ಲೇಸು. ಒಂದು ದೊಡ್ಡ ಕೃತಿ, ಅದರ ಜೊತೆಗೆ ನಾಲ್ಕೈದು ಚಿಕ್ಕವು ಎಂಬ ಹಂಚಿಕೆ ಬಹುತೇಕ ವೃಂದಗಳಿಗೆ ಒಗ್ಗುತ್ತದೆ. ಇಟಲಿಯ ಸಂಯೋಜಕ ವಿವಾಲ್ಡಿಯ ಪ್ರಸಿದ್ಧ ಸ್ತುತಿಗಾನ ಗ್ಲೋರಿಯಾ ಸುಮಾರು ಅರ್ಧ ಗಂಟೆಯದು, ಅದರ 12 ಭಾಗಗಳಲ್ಲಿ ಕೆಲವು ಏಕವ್ಯಕ್ತಿ ಗಾಯಕಿಯರಿಗೆ ಮೀಸಲಾಗಿರುವುದರಿಂದ ವೃಂದದ ಕಂಠಗಳಿಗೆ ನಡುನಡುವೆ ವಿಶ್ರಾಂತಿ ಸಿಗುತ್ತದೆ. ಇಂಥ ಲಕ್ಷಣಗಳನ್ನು ನೋಡಿಯೇ ಆರಿಸಬೇಕು. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಪ್ರದರ್ಶನಗೊಂಡ ಸಂಯೋಜಕ ಹ್ಯಾಂಡೆಲನ ಮೆಸಾಯಾ ಎಂಬ ದೊಡ್ಡ ಗಾನಕೃತಿ ಪೂರ್ತಿ ಹಾಡಿದರೆ ಎರಡು ಗಂಟೆಯನ್ನು ಮೀರುತ್ತದೆ, ಆದ್ದರಿಂದಲೇ ಅನೇಕ ವೃಂದಗಳು ಅದರ ಮೊದಲ ಭಾಗವನ್ನೂ ಹಲ್ಲೆಲೂಯಾ ವೃಂದಗಾನವನ್ನೂ ಮಾತ್ರ ಹಾಡುತ್ತವೆ. ಮೂರು ಕಾರ್ಯಕ್ರಮಗಳಲ್ಲಿ ಅತಿ ಕಠಿಣವಾದುದನ್ನು ನಡುವೆ ಇಡುವುದು ಸೂಕ್ತ. ಮೊದಲನೆಯದರಲ್ಲಿ ಹೊಸ ಸದಸ್ಯರು ಇನ್ನೂ ಹೊಂದಿಕೊಂಡಿರುವುದಿಲ್ಲ, ಕೊನೆಯದರ ಹೊತ್ತಿಗೆ ಹಾಜರಾತಿ ಸಡಿಲವಾಗಿರುತ್ತದೆ.

ಸ್ವರಲಿಪಿಯ ಪ್ರತಿಗಳು ಎಲ್ಲರ ಬಳಿಯೂ ಒಂದೇ ಮುದ್ರಣದವಾಗಿರಬೇಕು, ಇಲ್ಲದಿದ್ದರೆ ಪುಟ ಹುಡುಕುವುದರಲ್ಲೇ ತಾಲೀಮು ಮುಗಿಯುತ್ತದೆ. ಸಂಯೋಜಕರು ತೀರಿಕೊಂಡ ಬಳಿಕ ಹಲವು ದೇಶಗಳಲ್ಲಿ 70 ವರ್ಷ, ಕೆಲವೆಡೆ 50 ಅಥವಾ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಮೂಲಕೃತಿ ಹಳೆಯದಾದರೂ ಇನ್ನೊಬ್ಬರು ಮಾಡಿದ ಅದರ ಹೊಸ ಅಳವಡಿಕೆಗೆ ಬೇರೆ ಹಕ್ಕು ಇರಬಹುದು, ಧ್ವನಿಮುದ್ರಿಸಿ ಅಂತರ್ಜಾಲದಲ್ಲಿ ಹಾಕುವುದಕ್ಕೆ ಪ್ರತ್ಯೇಕ ಅನುಮತಿ ಬೇಕಾಗಬಹುದು.

ತಾಲೀಮನ್ನು ಕಠಿಣ ಭಾಗದಿಂದ ಆರಂಭಿಸಬೇಕು. ಮೊದಲ ಪುಟದಿಂದಲೇ ಪ್ರತಿ ವಾರ ಶುರುಮಾಡುವ ವೃಂದಕ್ಕೆ ಮೊದಲ ಪುಟ ಬಹಳ ಚೆನ್ನಾಗಿಯೂ ಕೊನೆಯ ಪುಟ ಅರೆಬರೆಯಾಗಿಯೂ ಬರುತ್ತದೆ. ಕೊನೆಯಿಂದ ಹಿಂದಕ್ಕೆ ಕಲಿಸಿದರೆ ಹಾಡುತ್ತ ಹೋದಂತೆ ಪರಿಚಿತವಾದುದೇ ಎದುರಾಗುತ್ತದೆ. ಪ್ರತಿ ಧ್ವನಿಸಾಲಿಗೂ ಬೇರೆ ಕೋಣೆಯಲ್ಲಿ ಅರ್ಧ ಗಂಟೆ ಕೊಡುವುದು ಮೊದಲ ನಾಲ್ಕು ವಾರಗಳಲ್ಲಿ ಬಹಳ ಉಪಯುಕ್ತ, ಆಮೇಲೆ ಅಷ್ಟಾಗಿ ಬೇಕಾಗುವುದಿಲ್ಲ. ಉದ್ದವಾದ ಸಾಲಿನಲ್ಲಿ ಅಕ್ಕಪಕ್ಕದವರು ಒಂದೇ ಕಡೆ ಉಸಿರೆಳೆದರೆ ದನಿ ಕಡಿದುಹೋಗುತ್ತದೆ, ಆದುದರಿಂದ ಯಾರು ಎಲ್ಲಿ ಉಸಿರಾಡಬೇಕೆಂದು ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಪಕ್ಕವಾದ್ಯವಿಲ್ಲದೆ ಹಾಡುವ ರಚನೆಗಳಲ್ಲಿ ಶ್ರುತಿ ಇಳಿಯುವುದು ಎಲ್ಲ ವೃಂದಗಳ ಪಾಡು, ಅದನ್ನು ಬಿಡಿಬಿಡಿಯಾಗಿ ಪರಿಶೀಲಿಸಬೇಕು. ಆರಂಭದ ಸ್ವರವನ್ನು ಪಿಯಾನೊದಲ್ಲಿ ಕೊಟ್ಟು, ಹಾಡು ಮುಗಿದ ಕೂಡಲೇ ಕೊನೆಯ ಸ್ವರವನ್ನು ಮತ್ತೆ ಪಿಯಾನೊದಲ್ಲಿ ಒತ್ತಿ ನೋಡಿದರೆ ಎಷ್ಟು ಜಾರಿದೆಯೆಂದು ತಿಳಿಯುತ್ತದೆ. ಎಲ್ಲಿ ಜಾರಿತೆಂದು ತಿಳಿಯಬೇಕಾದರೆ ಪ್ರತಿ ಪುಟದ ಕೊನೆಗೆ ನಿಲ್ಲಿಸಬೇಕು. ಒಂದೇ ಸ್ವರ ಹಲವು ಸಲ ಮರುಕಳಿಸುವ ಕಡೆ, ಕೆಳಗಿಳಿಯುವ ಸಾಲುಗಳಲ್ಲಿ, ಮೆಲ್ಲಗೆ ಹಾಡುವಾಗ ಉಸಿರಿನ ಆಧಾರ ಸಡಿಲಾಗುವ ಕಡೆ ಹೆಚ್ಚಾಗಿ ಇಳಿತ ಶುರುವಾಗುತ್ತದೆ. ಆ ಜಾಗದಲ್ಲಿ ಒಂದು ಸಾಲು ಮೂಲ ಸ್ವರವನ್ನು ಬಾಯಿಮುಚ್ಚಿ ಗುನುಗುತ್ತಿರಲಿ, ಉಳಿದವರು ಅದನ್ನು ಆಲಿಸುತ್ತ ಹಾಡಲಿ. ಇಷ್ಟಾದರೂ ಇಳಿಯುತ್ತಿದ್ದರೆ ಇಡೀ ರಚನೆಯನ್ನು ಅರ್ಧಸ್ವರ ಮೇಲಕ್ಕೆ ಎತ್ತಿ ಹಾಡಿಸಿ ನೋಡಬಹುದು. ಮುಖ್ಯ ಸ್ವರಗಳು ಕಂಠ ಬದಲಾಗುವ ಇಕ್ಕಟ್ಟಿನ ಸ್ಥಾನದಿಂದ ಆಚೆ ಸರಿದರೆ ವಿಚಿತ್ರವೆನಿಸಿದರೂ ಶ್ರುತಿ ನಿಲ್ಲುವುದುಂಟು.

ಹಣದ ವಿಷಯದಲ್ಲಿ ಅರ್ಧದಷ್ಟು ಆಸನಗಳ ಟಿಕೆಟ್ ಮಾತ್ರ ಮಾರಾಟವಾಗುತ್ತದೆಂದು ಭಾವಿಸಿ ಆಯವ್ಯಯ ಬರೆಯಬೇಕು. ಸಭಾಂಗಣದ ಬಾಡಿಗೆ, ಪಿಯಾನೊ ವಾದಕರ ಸಂಭಾವನೆ, ಪಿಯಾನೊ ಶ್ರುತಿ ಮಾಡಿಸುವ ಖರ್ಚು ಮೊದಲಾದ ತಪ್ಪಿಸಲಾಗದ ವೆಚ್ಚಗಳನ್ನು ಸದಸ್ಯರ ಚಂದಾವೇ ಭರಿಸುವಂತಿದ್ದರೆ ಮಳೆ ಬಂದು ಸಭೆ ಖಾಲಿಯಾದರೂ ವೃಂದ ಸಾಲಕ್ಕೆ ಬೀಳುವುದಿಲ್ಲ. ಹೊರಗಿನ ಗಾಯಕರೊಂದಿಗೆ ಕಾರ್ಯಕ್ರಮ ರದ್ದಾದರೆ ಏನು ಎಂಬುದನ್ನೂ ಸೇರಿಸಿ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು.

ಕಾರ್ಯಕ್ರಮದ ದಿನ ವೇದಿಕೆಯ ತಾಲೀಮು ಒಂದೂವರೆ ಗಂಟೆ ಮೊದಲೇ ಮುಗಿಯಬೇಕು, ಪೂರ್ಣ ದನಿಯಲ್ಲಿ ಹಾಡಿಸಬಾರದು. ಪ್ರತಿ ರಚನೆಯ ಆರಂಭ, ಅಂತ್ಯ ಮತ್ತು ಒಂದರಿಂದ ಇನ್ನೊಂದಕ್ಕೆ ಸಾಗುವ ಹೊಂದಿಕೆಯನ್ನು ನೋಡಿಕೊಂಡರೆ ಸಾಕು. ಉಳಿದ ಸಮಯವನ್ನು ಒಳಬರುವ ಸಾಲು, ಎಲ್ಲರೂ ಒಟ್ಟಿಗೆ ಎದ್ದು ಕೂರುವ ಸಂಜ್ಞೆ, ಪ್ರತಿ ಹಿಡಿಯುವ ಎತ್ತರ ಇವುಗಳಿಗೆ ಕೊಡಬೇಕು. ಪಿಯಾನೊವನ್ನು ಜಾಗ ಬದಲಿಸಿದ ಮೇಲೆಯೇ ಶ್ರುತಿ ಮಾಡಿಸಬೇಕು, ಮೊದಲೇ ಮಾಡಿಸಿ ಆಮೇಲೆ ತಳ್ಳಿಕೊಂಡು ಹೋದರೆ ಆ ಖರ್ಚು ವ್ಯರ್ಥವಾಗಬಹುದು.

ಕಾರ್ಯಕ್ರಮ ಮುಗಿದ ವಾರದೊಳಗೆ ಬಾಡಿಗೆಗೆ ತಂದ ಸ್ವರಲಿಪಿಯ ಪ್ರತಿಗಳನ್ನು ಸಂಗ್ರಹಿಸಿ, ಎಣಿಸಿ, ಪೆನ್ಸಿಲ್ ಗುರುತುಗಳನ್ನು ಅಳಿಸಿ ಗಡುವಿನೊಳಗೆ ಹಿಂದಿರುಗಿಸಬೇಕು. ಅಳಿಸುವ ಮುನ್ನ ಉಸಿರಿನ ಮತ್ತು ಶ್ರುತಿಯ ಗುರುತುಗಳನ್ನು ನಿರ್ದೇಶಕರು ಒಂದು ಟಿಪ್ಪಣಿ ಪುಸ್ತಕದಲ್ಲಿ ಪುಟಸಂಖ್ಯೆಯೊಂದಿಗೆ ಬರೆದಿಟ್ಟುಕೊಂಡರೆ ಅದೇ ಕೃತಿಯನ್ನು ಮತ್ತೆ ಎತ್ತಿಕೊಳ್ಳುವಾಗ ಎರಡು ಮೂರು ವಾರಗಳ ತಾಲೀಮು ಉಳಿಯುತ್ತದೆ.