ಅಮ್ಮನಿಗೊಂದು ಹಿಡಿಪಟ್ಟಿ: ಸೈಡ್‌ವೀಲ್ ಸ್ಕೂಟರಿನ ಸೀಟಿಗೆ ನಾನು ಬೆಲ್ಟ್ ಹಾಕಿದ್ದು ಹೀಗೆ

ನನ್ನದು ತಿಪಟೂರು. ಟೈಲರ್ ಕೆಲಸ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿತು. ಹಾಗಾಗಿ ನಾನು ಓಡಿಸುವುದು ಎರಡೂ ಕಡೆ ಸೈಡ್‌ವೀಲ್ ಹಾಕಿಸಿದ ಹಳೆ ಆಕ್ಟಿವಾ. ಪೆಟ್ರೋಲ್ ಮುಚ್ಚಳ ಸೀಟಿನ ಕೆಳಗೇ ಇರುವ ಮಾದರಿ. ಸಂತೆಗೆ, ಆಸ್ಪತ್ರೆಗೆ, ಮದುವೆ ಮನೆಗೆ ಹೋಗುವಾಗ ಹಿಂದೆ ಅಮ್ಮ ಕೂರುತ್ತಾರೆ. ಸೀರೆ ಉಡುವವರು, ಎರಡೂ ಕಾಲು ಎಡಕ್ಕೆ ಹಾಕಿ ಕೂರುವುದು ಅಭ್ಯಾಸ.

ಒಂದು ದಿನ ಬಿ.ಎಚ್. ರೋಡಿನಿಂದ ಬಲಕ್ಕೆ ತಿರುಗಿಸಿದೆ. ಜೋರೇನೂ ಇರಲಿಲ್ಲ. ಅಮ್ಮ ಜಾರಿದರು. ಕೈಗೆ ಸಿಕ್ಕಿದ್ದು ನನ್ನ ಅಂಗಿಯ ಕಾಲರ್. ಅದು ಅರ್ಧ ಕಿತ್ತು ಬಂತು, ಅವರು ಮಾತ್ರ ಬೀಳಲಿಲ್ಲ. ಮನೆಗೆ ಬಂದು, "ನೀನೇ ಹೊಲಿದಿದ್ದೇನೋ ಇದು?" ಅಂತ ಕೇಳಿದರು. ಅವತ್ತು ರಾತ್ರಿಯೇ ಅಮ್ಮ ಕೈಯಲ್ಲಿ ಹಿಡಿದುಕೊಳ್ಳಲು ಸೀಟಿಗೆ ಅಡ್ಡಲಾಗಿ ಒಂದು ಬೆಲ್ಟ್ ಹಾಕುವುದು ಅಂತ ತೀರ್ಮಾನಿಸಿದೆ.

ಹಿಂದೆ ಕಂಬಿ ಇದೆಯಲ್ಲ, ಅದನ್ನು ಹಿಡಿಯಬಾರದಾ ಅಂತ ನೀವು ಕೇಳಬಹುದು. ಎಡಕ್ಕೆ ಕಾಲು ಹಾಕಿ ಕೂತವರ ಎಡಗೈ ಹಿಂದಿನ ಕಡೆಗೆ ಬರುತ್ತದೆ. ಅಮ್ಮನ ಎಡ ಭುಜ ಹಿಡಿದುಕೊಂಡು ಎರಡು ವರ್ಷ ಆಯಿತು, ಕೈ ಹಿಂದಕ್ಕೆ ಹೋಗುವುದಿಲ್ಲ. ಬಲಗೈ ಗಟ್ಟಿಯಾಗಿದೆ, ಆದರೆ ಅದು ನನ್ನ ಬೆನ್ನಿನ ಕಡೆ ಇರುತ್ತದೆ. ಅಲ್ಲಿ ಹಿಡಿಯಲು ನನ್ನ ಅಂಗಿ ಬಿಟ್ಟರೆ ಏನೂ ಇಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸೈಡ್‌ವೀಲ್ ಗಾಡಿ ಓಡಿಸುವವರು ಇದನ್ನು ತಿಳಿದಿರಬೇಕು. ಎರಡು ಚಕ್ರದ ಗಾಡಿ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ವಾಲಿದಾಗ ಹಿಂದೆ ಕೂತವರು ಸೀಟಿಗೇ ಒತ್ತಿಕೊಂಡು ಕೂರುತ್ತಾರೆ. ಸೈಡ್‌ವೀಲ್ ಗಾಡಿ ವಾಲುವುದಿಲ್ಲ, ಆಟೋ ಥರ ನೆಟ್ಟಗೇ ತಿರುಗುತ್ತದೆ. ಕೂತವರು ಹೊರಕ್ಕೆ ಜಾರುತ್ತಾರೆ. ಆಟೋದಲ್ಲಾದರೆ ಕಂಬಿ ಇದೆ, ಪಕ್ಕದವರು ಇದ್ದಾರೆ. ಇಲ್ಲಿ ಬರೀ ರೆಗ್ಸಿನ್, ಅದರ ಮೇಲೆ ಜಾರುವ ಸೀರೆ. ಪಿಯುಸಿ ಓದುವ ಅಣ್ಣನ ಮಗಳು ಲೆಕ್ಕ ಹಾಕಿ ತೋರಿಸಿದಳು. ಎಂಟು ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ, 60 ಕೆ.ಜಿ. ತೂಕದವರಿಗೆ ಹೊರಕ್ಕೆ ಸುಮಾರು 24 ಕೆ.ಜಿ.ಯಷ್ಟು ಎಳೆತ. ವೇಗ 10ಕ್ಕೆ ಇಳಿಸಿದರೆ ಎಳೆತ 6 ಕೆ.ಜಿ.ಗೆ ಬರುತ್ತದೆ. ಎಡಕ್ಕೆ ಮುಖ ಮಾಡಿ ಕೂತವರಿಗೆ ಬಲ ತಿರುವೇ ಅಪಾಯ, ಮುಂದಕ್ಕೆ ಸೀದಾ ರಸ್ತೆಗೇ ಜಾರುತ್ತಾರೆ. ಎಡ ತಿರುವಿನಲ್ಲಿ ಹಿಂದಕ್ಕೆ ವಾಲುತ್ತಾರೆ.

ಈಗ ಕೆಲಸಕ್ಕೆ ಬರೋಣ.

ಪಟ್ಟಿಗೆ ನಾನು ಆರಿಸಿದ್ದು ಕಾರಿನ ಸೀಟ್ ಬೆಲ್ಟ್. ಗುಜರಿಯಲ್ಲಿ ಸಿಗುತ್ತದೆ. ಬ್ಯಾಗಿಗೆ ಹಾಕುವ ತೆಳು ನೈಲಾನ್ ಪಟ್ಟಿ ಬೇಡ, ಮಂಚದ ನವಾರು ಅಂತೂ ಬೇಡವೇ ಬೇಡ, ಮಳೆಗೆ ಕೊಳೆಯುತ್ತದೆ. ಕಾರಿನ ಬೆಲ್ಟಿನ ಪಟ್ಟಿ ಹೊಸದಿದ್ದಾಗ ಸುಮಾರು ಒಂದೂವರೆ ಟನ್ ಎಳೆತ ತಡೆಯಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಹಳತಾಗಿ ಅರ್ಧ ಶಕ್ತಿ ಹೋಗಿದ್ದರೂ ನಮ್ಮ ಕೆಲಸಕ್ಕೆ ಧಾರಾಳ ಆಯಿತು. ಆದರೆ ಆರಿಸುವಾಗ ಕಣ್ಣಿರಲಿ. ಅಪಘಾತವಾದ ಕಾರಿನದ್ದು ಬೇಡ. ಜಗ್ಗಿದ ಬೆಲ್ಟಿನಲ್ಲಿ ಅಲೆಅಲೆ ಕಾಣುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಅಂಚು ಜುಂಜು ಎದ್ದಿದ್ದರೆ, ಬಿಸಿಲಿಗೆ ಬಣ್ಣ ಹೋಗಿದ್ದರೆ ಬಿಟ್ಟುಬಿಡಿ. ಹಿಂದಿನ ಸೀಟಿನ ಬೆಲ್ಟ್ ಕೇಳಿ. ನಮ್ಮೂರುಗಳಲ್ಲಿ ಅದನ್ನು ಯಾರೂ ಹಾಕಿಕೊಳ್ಳುವುದಿಲ್ಲವಲ್ಲ, ಹೊಸದರ ಹಾಗೇ ಇರುತ್ತದೆ!

ಇದರ ಜೊತೆಗೆ ಬೇಕಾದದ್ದು ನಾಲ್ಕು ಕಬ್ಬಿಣದ ಪ್ಲೇಟು. ಒಂದೊಂದೂ ನಾಲ್ಕು ಇಂಚು ಉದ್ದ, ಒಂದು ಇಂಚು ಅಗಲ, 3 ಮಿ.ಮೀ. ದಪ್ಪ. ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ, ಎರಡೂ ತುದಿಗೆ ತೂತು ಹೊಡೆದು, ಮೂಲೆ ಉಜ್ಜಿ ಕೊಡುತ್ತಾರೆ. 6 ಎಂಎಂ ಬೋಲ್ಟ್ ನಾಲ್ಕು, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ನಾಲ್ಕು. ಸಾದಾ ನಟ್ ಹಾಕಿದರೆ ಅದುರಿ ಸಡಿಲವಾಗುತ್ತದೆ. ತುಕ್ಕು ಹಿಡಿಯದಂತೆ ಪ್ಲೇಟಿಗೆ ಬಣ್ಣ ಹೊಡೆದಿಡಿ.

ಪ್ಲೇಟು ಯಾಕೆ ಅಂದರೆ, ಮೊದಲ ಸಲ ನಾನು ಪೆದ್ದುತನ ಮಾಡಿದ್ದೆ. ಬೆಲ್ಟಿಗೆ ಕಾದ ಮೊಳೆಯಿಂದ ತೂತು ಮಾಡಿ, ಒಂದು ಬೋಲ್ಟು, ಸಣ್ಣ ವಾಷರ್ ಹಾಕಿ ಸೀಟಿನ ಬೇಸಿಗೆ, ಅಂದರೆ ಫೋಮಿನ ಅಡಿಯ ಗಟ್ಟಿ ತಳಕ್ಕೆ, ಬಿಗಿದಿದ್ದೆ. ಈಗಿನ ಸ್ಕೂಟರುಗಳ ಸೀಟ್ ಬೇಸ್ ತಗಡಲ್ಲ, ಪ್ಲಾಸ್ಟಿಕ್. ಅಂಗಳದಲ್ಲೇ ಎರಡು ಸಲ ಜಗ್ಗಿ ನೋಡಿದೆ. ವಾಷರ್ ಸಮೇತ ಬೋಲ್ಟು ಪ್ಲಾಸ್ಟಿಕ್ಕಿನೊಳಗಿಂದ ಕಿತ್ತು ಬಂತು. ಬೆಲ್ಟಿನ ತೂತೂ ಹಿಗ್ಗಿತ್ತು. ರಸ್ತೆಯಲ್ಲಿ ಆಗಿದ್ದರೆ ಏನು ಗತಿ? ಆಮೇಲೆ ಕಲಿತದ್ದು ಎರಡು ವಿಷಯ. ಬೆಲ್ಟಿಗೆ ತೂತು ಹಾಕಬಾರದು. ಪ್ಲಾಸ್ಟಿಕ್ಕಿನ ಒಂದು ಚುಕ್ಕಿಯ ಮೇಲೆ ಭಾರ ಬೀಳಬಾರದು.

ಅದಕ್ಕೆ ಬೆಲ್ಟಿನ ತುದಿಯನ್ನು ಮಡಚಿ ಕುಣಿಕೆ ಹೊಲಿದು, ಕುಣಿಕೆಯೊಳಗೆ ಪ್ಲೇಟು ತೂರಿಸುವುದು. ಪ್ಲೇಟಿನ ಎರಡು ತುದಿ ಬೆಲ್ಟಿನ ಆಚೆ ಈಚೆ ಉಳಿಯುತ್ತವೆ, ಬೋಲ್ಟು ಅಲ್ಲಿ ಹೋಗುತ್ತದೆ. ಬೇಸಿನ ಕೆಳಗೆ ಈ ಪ್ಲೇಟು, ಮೇಲೆ ಫೋಮಿನ ಅಡಿಯಲ್ಲಿ ಇನ್ನೊಂದು ಪ್ಲೇಟು, ನಡುವೆ ಪ್ಲಾಸ್ಟಿಕ್ ಸ್ಯಾಂಡ್‌ವಿಚ್ ಆಗುತ್ತದೆ. ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ.

ಜಾಗ ಗುರುತು ಮಾಡುವುದನ್ನು ಕೂರುವವರನ್ನು ಕೂರಿಸಿಕೊಂಡೇ ಮಾಡಿ. ಗಾಡಿ ಆಫ್ ಮಾಡಿ, ಸಮ ನೆಲದಲ್ಲಿ ನಿಲ್ಲಿಸಿ, ನಾನು ಮುಂದೆ ಕೂತೆ, ಅಮ್ಮ ಹಿಂದೆ. ನನ್ನ ಬೆನ್ನಿಗೂ ಅಮ್ಮನ ಬಲ ತೊಡೆಗೂ ನಡುವೆ, ಅವರ ಕೈ ತಾನಾಗಿ ಎಲ್ಲಿ ಬಿತ್ತೋ ಅಲ್ಲಿ ಅಣ್ಣನ ಮಗಳು ಚಾಕ್‌ಪೀಸಿನಲ್ಲಿ ಗೆರೆ ಎಳೆದಳು. ಪಟ್ಟಿ ನಿಮ್ಮ ಅಡಿಗೆ ಬರಬಾರದು. ಒಂದು ಫರ್ಲಾಂಗು ಓಡಿಸುವಷ್ಟರಲ್ಲಿ ಚುಚ್ಚಲು ಶುರುವಾಗುತ್ತದೆ.

ಇನ್ನು ಸೀಟಿನ ಕೆಳಗೆ ಪ್ಲೇಟಿಗೆ ಜಾಗ ಇದೆಯಾ ಅಂತ ನೋಡಬೇಕು. ಸೀಟು ಮುಚ್ಚಿದಾಗ ನಟ್ ಡಿಕ್ಕಿಯ ಅಂಚಿಗೆ ಬಡಿದರೆ ಲಾಕ್ ಬೀಳುವುದಿಲ್ಲ. ಮುಚ್ಚಿದ ಮೇಲೆ ಒಳಗೆ ಹೇಗೆ ಕಾಣುತ್ತದೆ? ನನ್ನ ಉಪಾಯ ರಾಗಿ ಮುದ್ದೆ. ರಾತ್ರಿ ಉಳಿದ ಮುದ್ದೆಯ ನಾಲ್ಕು ಉಂಡೆ ಮಾಡಿ, ಪ್ಲೇಟು ಬರುವ ಕಡೆ ಬೇಸಿನ ಅಡಿಗೆ ಅಂಟಿಸಿ, ಸೀಟು ಮುಚ್ಚಿ ತೆಗೆದೆ. ಉಂಡೆ ಎಷ್ಟು ಚಪ್ಪಟೆಯಾಯಿತೋ ಅಷ್ಟೇ ಜಾಗ. ಒಂದೂವರೆ ಸೆಂ.ಮೀ. ಉಳಿದರೆ ಸರಿ. ನನಗೆ ಅಂಚಿನ ಹತ್ತಿರ ಉಳಿಯಲಿಲ್ಲ. ಪ್ಲೇಟನ್ನು ಇನ್ನೂ ಒಳಕ್ಕೆ, ಡಿಕ್ಕಿಯ ಬಾಯಿಯ ಮೇಲೆ ಬರುವ ಹಾಗೆ ಸರಿಸಿದೆ. ಅಲ್ಲಿ ಕೆಳಗೆ ಖಾಲಿ. ಅಂಚಿನ ಮೇಲೆ ಬರೀ ಬೆಲ್ಟು ಹಾದುಹೋಗುತ್ತದೆ, ಅದು ಒಂದು ಮಿ.ಮೀ. ಚಿಲ್ಲರೆ ದಪ್ಪ.

ಅಳತೆ ಹೀಗೆ. ಬಲ ಪ್ಲೇಟಿನಿಂದ ಶುರು ಮಾಡಿ ಸೀಟಿನ ಮೇಲೆ ಹಾದು ಎಡ ಪ್ಲೇಟಿನವರೆಗೆ ಟೇಪು ಹಿಡಿಯಿರಿ. ನನಗೆ 58 ಸೆಂ.ಮೀ. ಬಂತು. ಬೆರಳು ತೂರಲು 3 ಸೆಂ.ಮೀ. ಸಡಿಲ. ಎರಡೂ ಕುಣಿಕೆಗೆ 12ರಂತೆ 24. ಒಟ್ಟು 85. ಮೊದಲು 6 ಸೆಂ.ಮೀ. ಸಡಿಲ ಬಿಟ್ಟಿದ್ದೆ. ಅಮ್ಮ ಹಿಡಿದು ನೋಡಿ, "ಎಮ್ಮೆ ಹಗ್ಗ ಹಿಡಿದ ಹಾಗಿದೆ ಕಣೋ" ಅಂದರು. ನಿಜವೇ. ಸಡಿಲ ಜಾಸ್ತಿಯಾದರೆ ಮೊದಲು ಜಾರಿ, ಆಮೇಲೆ ಬೆಲ್ಟು ಬಿಗಿಯುತ್ತದೆ. ಸೀಟಿನ ಕುಶನ್ ತಗ್ಗಿದಾಗ ಇನ್ನೂ ಸ್ವಲ್ಪ ಸಡಿಲ ತಾನಾಗಿ ಬರುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಹೊಲಿಗೆ ನನ್ನ ಕ್ಷೇತ್ರ, ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಬೆಲ್ಟ್ ಕತ್ತರಿಸಿದ ತುದಿಯನ್ನು ಮೇಣದ ಬತ್ತಿಗೆ ತೋರಿಸಿ, ಕರಗಿ ಅಂಟಿಕೊಳ್ಳಲಿ, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕಾಟನ್ ದಾರ ಬೇಡ. ಅದು ನೆನೆದು ನೆನೆದು ಪುಡಿಯಾಗುತ್ತದೆ. ಚೀಲ, ಬೂಟು ಹೊಲಿಯುವ ದಪ್ಪ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ತನ್ನಿ. 18ನೇ ನಂಬರ್ ಸೂಜಿ ಹಾಕಿ, ಕಾಲಲ್ಲಿ ತುಳಿಯದೆ ಚಕ್ರವನ್ನು ಕೈಯಿಂದಲೇ ತಿರುಗಿಸಿದರೆ ನನ್ನ ಹಳೆ ಕಪ್ಪು ಮೆಷಿನ್ನು ಎರಡು ಪದರವನ್ನು ಹೊಲಿಯುತ್ತದೆ. ಮನೆಯ ಸಣ್ಣ ಮೆಷಿನ್ನಿಗೆ ಇದು ಆಗದ ಕೆಲಸ, ಸೂಜಿ ಮುರಿದು ಕಣ್ಣಿಗೆ ಹಾರುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರವೋ ಕುಶನ್ ಅಂಗಡಿಯಲ್ಲೋ ಕೊಡಿ. ಹೊಲಿಗೆಯ ಆಕಾರ ಮಾತ್ರ ನೀವೇ ಹೇಳಿ. ಕುಣಿಕೆಗೆ ಆರು ಸೆಂ.ಮೀ. ಬಿಟ್ಟು, ಉಳಿದ ಆರು ಸೆಂ.ಮೀ.ನಲ್ಲಿ ಒಂದು ಚೌಕ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಇಂಟು ಗುರುತು. ಅದರ ಮೇಲೇ ಇನ್ನೊಂದು ಸುತ್ತು. ಅಡ್ಡಕ್ಕೆ ಒಂದೇ ಗೆರೆ ಹೊಲಿದರೆ ಇಡೀ ಭಾರ ಆ ಒಂದು ಗೆರೆಗೇ ಬೀಳುತ್ತದೆ, ಒಂದು ಎಳೆ ಹೋದರೆ ಜಿಪ್ ಥರ ಬಿಚ್ಚುತ್ತದೆ. ಇಂಟು ಹಾಕಿದರೆ ಭಾರ ಹಂಚಿಕೊಳ್ಳುತ್ತದೆ.

ನಡುವೆ ಕೈ ಹಿಡಿಯುವ ಕಡೆ, ಸುಮಾರು 12 ಸೆಂ.ಮೀ. ಉದ್ದಕ್ಕೆ, ಬೆಲ್ಟನ್ನು ಉದ್ದುದ್ದ ಮಡಚಿ ಹೊಲಿದು, ಹಳೆ ಜೀನ್ಸ್ ತುಂಡಿನ ಕವರ್ ಹಾಕಿದೆ. ಬೆಲ್ಟಿನ ಅಂಚು ಮುದುಕರ ಅಂಗೈಗೆ ಕೊಯ್ಯುತ್ತದೆ. ಈ ಹಿಡಿಯನ್ನು ಸರಿಯಾಗಿ ಮಧ್ಯಕ್ಕೆ ಮಾಡದೆ ಸ್ವಲ್ಪ ಬಲಕ್ಕೆ ಸರಿಸಿದೆ. ಅಮ್ಮ ಜಾರುವುದು ಎಡಕ್ಕಲ್ವಾ? ಬಲಕ್ಕಿದ್ದರೆ ಎಳೆದು ಹಿಡಿಯಲು ಕೈಗೆ ಬಲ ಸಿಗುತ್ತದೆ. ಎರಡು ಕಡೆ ಕಾಲು ಹಾಕಿ ಕೂರುವವರಿಗಾದರೆ ಮಧ್ಯದಲ್ಲೇ ಇರಲಿ.

ಇನ್ನು ಸೀಟು ಬಿಚ್ಚುವುದು. ಮುಂದಿನ ಹಿಂಜಿನ ನಟ್ ಬಿಚ್ಚಿ ಸೀಟನ್ನು ಪೂರ್ತಿ ಹೊರಗೆ ತೆಗೆಯಿರಿ. ನನ್ನ ಗಾಡಿಯ ಹಾಗೆ ಪೆಟ್ರೋಲ್ ಮುಚ್ಚಳ ಸೀಟಿನ ಕೆಳಗಿದ್ದರೆ ಗಾಡಿಯ ಮೇಲೆ ಇಟ್ಟುಕೊಂಡು ಡ್ರಿಲ್ ಹಾಕಬೇಡಿ, ಕಿಡಿಗೂ ಪೆಟ್ರೋಲ್ ಆವಿಗೂ ಸರಿಬರುವುದಿಲ್ಲ. ಹಿಂದಿನ ಅರ್ಧದ ಸ್ಟೇಪ್ಲರ್ ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ, ರೆಗ್ಸಿನ್ ಮೇಲೆತ್ತಿ, ಫೋಮ್ ಮಡಚಿ. ಬೇಸಿಗೆ ಆರೂವರೆ ಮಿ.ಮೀ. ಬಿಟ್ಟಿನಲ್ಲಿ ತೂತು. ಮೇಲಿನ ಪ್ಲೇಟಿನ ಮೇಲೆ ಒಂದು ತುಂಡು ರೆಗ್ಸಿನ್ ಅಂಟಿಸಿ, ಫೋಮ್ ಕೊಯ್ಯದಿರಲಿ. ಬೋಲ್ಟಿನ ತಲೆ ಮೇಲೆ, ನಟ್ ಕೆಳಗೆ. ಬೆಲ್ಟಿನ ಪ್ಲೇಟು ಕೆಳಗೆ ಹಾಕಿ ನಟ್ ಬಿಗಿಯುವ ಮೊದಲು ರೆಗ್ಸಿನ್ ಎಳೆದು ಪಿನ್ ಹೊಡೆಸಿಬಿಡಿ, ಬೆಲ್ಟು ರೆಗ್ಸಿನ್ನಿನ ಮೇಲೆ ಹಾದುಹೋಗಬೇಕು. ಈ ಒಂದು ಕೆಲಸ ಕುಶನ್ ಅಂಗಡಿಗೇ ಬಿಡಿ. ಗಾಳಿಯ ಗನ್ನಿನಲ್ಲಿ ಎರಡು ನಿಮಿಷದ ಕೆಲಸ, ಕೈ ಸ್ಟೇಪ್ಲರಿನಲ್ಲಿ ಅರ್ಧ ದಿನದ ಗೋಳು. ಮುಖ್ಯವಾದದ್ದು, ಮೇಲಿನ ರೆಗ್ಸಿನ್ನಿಗೆ ಎಲ್ಲೂ ತೂತು ಬೀಳಬಾರದು. ಬಿದ್ದರೆ ಫೋಮ್ ನೀರು ಕುಡಿದು, ಕೂತಾಗಲೆಲ್ಲಾ ಬಟ್ಟೆ ಒದ್ದೆ.

ಬೆಲ್ಟು ಬೇಸಿನ ಅಂಚನ್ನು ದಾಟುವ ಕಡೆ ಪ್ಲಾಸ್ಟಿಕ್ ಚೂಪಾಗಿರುತ್ತದೆ. ಅರದಲ್ಲಿ ಉಜ್ಜಿ, ಹಳೆ ಸೈಕಲ್ ಟ್ಯೂಬಿನ ತುಂಡು ಮಧ್ಯೆ ಇಡಿ.

ಅಮ್ಮನನ್ನು ಕೂರಿಸುವ ಮೊದಲು ಪರೀಕ್ಷೆ ಮಾಡಿದೆ. ಯುರೋಪಿನ ನಿಯಮದಲ್ಲಿ ಇಂಥ ಪಟ್ಟಿಯ ನಡುವೆ 2000 ನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಭಾರ ಎಳೆದರೂ ಕಿತ್ತು ಬರಬಾರದು ಅಂತಿದೆ. ಸೀಟನ್ನು ತಲೆಕೆಳಗಾಗಿ ಎರಡು ಸ್ಟೂಲಿನ ಮೇಲೆ ಇಟ್ಟೆ. ಸ್ಟೂಲು ಪಟ್ಟಿಗೆ ಹತ್ತಿರವೇ ಇರಲಿ, ದೂರ ಇಟ್ಟರೆ ಬೇಸ್ ಬಾಗಿ ಬಿರಿಯುತ್ತದೆ. ಕೆಳಗೆ ಜೋತ ಪಟ್ಟಿಗೆ ಹಗ್ಗ ಕಟ್ಟಿ ಸಿಮೆಂಟ್ ಮೂಟೆ ತೂಗುಹಾಕಿದೆವು. ನಾಲ್ಕು ಮೂಟೆ ಆಗಬೇಕಿತ್ತು. ನಮ್ಮ ಕೈಲಿ ಆದದ್ದು ಎರಡು, 100 ಕೆ.ಜಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಹೊಲಿಗೆ ಒಂದು ಎಳೆಯೂ ಎದ್ದಿರಲಿಲ್ಲ, ಪ್ಲಾಸ್ಟಿಕ್ ಬೆಳ್ಳಗಾಗಿರಲಿಲ್ಲ. ಪ್ಲಾಸ್ಟಿಕ್ ಬೆಳ್ಳಗಾದರೆ ಬಿರುಕು ಬರುವ ಸೂಚನೆ ಅಂತ ತಿಳಿಯಿರಿ.

ಹಿಂದಿನ ಕಂಬಿಯನ್ನು ಮಾತ್ರ ತೆಗೆಯಬೇಡಿ. ಹಿಂದೆ ಕೂರುವವರಿಗೆ ಕಾಯಂ ಹಿಡಿ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಾವು ಹಾಕುವ ಪಟ್ಟಿ ಅದರ ಬದಲಿಗಲ್ಲ, ಅದರ ಜೊತೆಗೆ.

ಪಟ್ಟಿ ಹಿಡಿಯುವುದನ್ನೂ ಹೇಳಿಕೊಡಬೇಕು. ಅಮ್ಮ ಮೊದಲ ದಿನವೇ ಮುಂಗೈಗೆ ಒಂದು ಸುತ್ತು ಸುತ್ತಿಕೊಂಡರು, ಭದ್ರ ಅಂತ. ಹಾಗೆ ಮಾಡಲೇಬಾರದು. ಬಿದ್ದರೆ ಕೈ ಬಿಡಿಸಿಕೊಳ್ಳಲಾಗದೆ ಗಾಡಿಯ ಜೊತೆ ಎಳೆದುಕೊಂಡು ಹೋಗುತ್ತಾರೆ. ಬರೀ ಬೆರಳು ತೂರಿಸಿ ಮುಷ್ಟಿ ಕಟ್ಟಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು, ಎಡಗಡೆಯ ಸೈಡ್‌ವೀಲು ಕಾಲ ಹತ್ತಿರವೇ ತಿರುಗುತ್ತಿರುತ್ತದೆ. ಬಲಕ್ಕೆ ತಿರುಗಿಸುವ ಮೊದಲು ನಾನು "ಬಲಕ್ಕಮ್ಮ" ಅಂತೀನಿ, ಅವರು ಹಿಡಿ ಬಿಗಿ ಮಾಡಿ ನನ್ನ ಕಡೆ ವಾಲುತ್ತಾರೆ.

ಒಂದು ತೊಂದರೆ ಮಳೆಗಾಲ ಬಂದ ಮೇಲೆ ಗೊತ್ತಾಯಿತು. ಬೆಲ್ಟು ದೀಪದ ಬತ್ತಿಯ ಹಾಗೆ ನೀರು ಹೀರಿ ಡಿಕ್ಕಿಯೊಳಗೆ ತೊಟ್ಟಿಕ್ಕಿಸುತ್ತದೆ. ಆರ್‌ಸಿ, ಇನ್ಶೂರೆನ್ಸ್ ಎಲ್ಲಾ ತೊಯ್ದುಹೋಗಿತ್ತು. ಅಂಚು ದಾಟುವ ಜಾಗಕ್ಕೆ ಎರಡೂ ಕಡೆ ಮೇಣದ ಬತ್ತಿ ಚೆನ್ನಾಗಿ ಉಜ್ಜಿ, ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿಟ್ಟು, ಮೇಲೆ ಕಾಗದ ಹಾಕಿ ಒತ್ತಿದೆ. ಮೇಣ ಎಳೆಗಳೊಳಗೆ ಇಳಿಯಿತು, ನೀರು ನಿಂತಿತು. ಈ ಕೆಲಸವನ್ನು ನೀವು ಪ್ಲೇಟಿಗೆ ಬಿಗಿಯುವ ಮೊದಲೇ ಮಾಡಿ. ನಾನು ಮತ್ತೆ ಎಲ್ಲಾ ಬಿಚ್ಚಬೇಕಾಯಿತು.

ನಟ್ ಬಿಗಿದ ಒಂದು ವಾರಕ್ಕೆ ಮತ್ತೊಮ್ಮೆ ಹತ್ತರ ಸ್ಪ್ಯಾನರ್ ಹಾಕಿ ನೋಡಿ. ಆಮೇಲೆ ಪೆಟ್ರೋಲ್ ಹಾಕಿಸಲು ಸೀಟು ಎತ್ತಿದಾಗಲೆಲ್ಲಾ ಅಂಚಿನ ಕಡೆ ಒಮ್ಮೆ ಬೆರಳಾಡಿಸಿ. ಜುಂಜು ಎದ್ದರೆ ಬೆಲ್ಟ್ ಬದಲಿಸಿ, ಗುಜರಿಯಲ್ಲಿ ಮೀಟರಿಗೆ ಏನು ಮಹಾ ಕೊಡಬೇಕು? ಮತ್ತೆ ಅದಕ್ಕೆ ತರಕಾರಿ ಚೀಲ ನೇತುಹಾಕಲು ಬಿಡಬೇಡಿ. ನಾನು ಹೇಳಿ ಹೇಳಿ ಸಾಕಾಗಿದ್ದೇನೆ.